ಗಲ್ಲಾಪೆಟ್ಟಿಗೆಯ ಹಣವೆಲ್ಲ ಲಾಭವಲ್ಲ

ಚಿಕ್ಕ ವ್ಯಾಪಾರವನ್ನು ನಂಬಿ ಬಾಳುವ ಕುಟುಂಬಗಳಿಗೆ ಕೆಲವು ವಿಚಾರಗಳು

ದುಡಿದು ಉಣ್ಣುವ ಬಾಳನ್ನು ನಮ್ಮ ಹಿರಿಯರು ಗೌರವದ ಬಾಳೆಂದು ಎಣಿಸಿದರು. ನೌಕರಿಯೊಂದೇ ಬದುಕಿನ ದಾರಿಯೆಂದು ಕಾಯುತ್ತ ಕೂಡದೆ ಕಿರಾಣಿ ಅಂಗಡಿ, ಖಾನಾವಳಿ, ಹಿಟ್ಟಿನ ಗಿರಣಿ, ಬಟ್ಟೆಯ ವ್ಯಾಪಾರ, ಎಣ್ಣೆಯ ಗಾಣ ಹೀಗೆ ತಮಗೆ ಒಗ್ಗಿದ ಕಾಯಕವನ್ನು ಹಿಡಿದು ಮಕ್ಕಳನ್ನು ಓದಿಸಿ ಮುಂದೆ ತಂದ ಕುಟುಂಬಗಳು ನಮ್ಮ ನಾಡಿನಲ್ಲಿ ಅಸಂಖ್ಯವಾಗಿವೆ. ಇಂದೂ ಅನೇಕ ತರುಣರು, ಅದಕ್ಕಿಂತ ಹೆಚ್ಚಾಗಿ ಅನೇಕ ಗೃಹಿಣಿಯರು, ಸ್ವಂತ ಉದ್ಯೋಗದ ಕಡೆಗೆ ಮನಸ್ಸು ಮಾಡುತ್ತಿರುವುದು ಸಂತೋಷದ ಸಂಗತಿಯಾಗಿದೆ.

ಆದರೆ ಇದರ ಇನ್ನೊಂದು ಮುಖವನ್ನೂ ನಾವು ನೋಡದೆ ಇರುವಂತಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ, ಗಿರಾಕಿಗಳಿಗೆ ಕೊರತೆಯಿಲ್ಲದ ಅಂಗಡಿಗಳು ಕೂಡ ಕೆಲವೇ ವರ್ಷಗಳಲ್ಲಿ ಬಾಗಿಲು ಮುಚ್ಚುತ್ತವೆ. ಕೆಲವರು ಅದಕ್ಕೆ ಹಣೆಬರಹವೆನ್ನುತ್ತಾರೆ. ಕೆಲವರು ಯಾರದೋ ಕಣ್ಣು ಬಿತ್ತೆನ್ನುತ್ತಾರೆ. ಸಾವಧಾನವಾಗಿ ವಿಚಾರಿಸಿದರೆ ಬಹಳಷ್ಟು ಕಡೆ ಕಾಣುವ ಕಾರಣ ಒಂದೇ: ಅಂಗಡಿಯ ಹಣ ಯಾವುದು, ಮನೆಯ ಹಣ ಯಾವುದು ಎಂಬ ಭೇದವನ್ನು ಆ ಮನೆಯವರು ಮಾಡಿರುವುದಿಲ್ಲ. ವ್ಯಾಪಾರ ಚಿಕ್ಕದಾದಷ್ಟೂ ಈ ಭೇದ ಹೆಚ್ಚು ಮುಖ್ಯವಾಗುತ್ತದೆ. ಬೆಲೆ ಕಟ್ಟುವುದು, ಉದ್ರಿ ಕೊಡುವುದು, ಸಾಲ ತರುವುದು, ಅಣ್ಣತಮ್ಮಂದಿರು ಕೂಡಿ ಬಾಳುವುದು ಎಲ್ಲವೂ ಇದನ್ನೇ ಆಧರಿಸಿ ನಿಂತಿವೆ.

ಎರಡು ಗಂಟು, ಎರಡು ಲೆಕ್ಕ

ಸಂಜೆಗೆ ಗಲ್ಲಾಪೆಟ್ಟಿಗೆಯಲ್ಲಿ 5,000 ರೂಪಾಯಿ ಕೂಡಿತೆಂದು ಇಟ್ಟುಕೊಳ್ಳೋಣ. ಅದನ್ನು ಕಂಡೊಡನೆ ಮಗನ ಶಾಲೆಯ ಶುಲ್ಕ, ಮನೆಯ ಸಂತೆ, ನೆಂಟರ ಮದುವೆಗೆ ಒಯ್ಯಬೇಕಾದ ಉಡುಗೊರೆ ಎಲ್ಲವೂ ನೆನಪಿಗೆ ಬರುತ್ತವೆ. ಕೈ ತಾನಾಗಿಯೇ ಪೆಟ್ಟಿಗೆಯೊಳಗೆ ಹೋಗುತ್ತದೆ. ಆದರೆ ಆ ಹಣದಲ್ಲಿ ನಾಳೆ ಸರಕು ತರುವ ದುಡ್ಡಿದೆ. ತಿಂಗಳ ಕೊನೆಗೆ ಕೊಡಬೇಕಾದ ಬಾಡಿಗೆ, ಕರೆಂಟಿನ ಬಿಲ್ಲು ಮತ್ತು ಆಳಿನ ಪಗಾರವಿದೆ. ಇವೆಲ್ಲ ಕಳೆದು ಉಳಿದದ್ದು ಮಾತ್ರ ಲಾಭ. ಬಿತ್ತುವ ಬೀಜವನ್ನು ಬೀಸಿ ಉಂಡ ಒಕ್ಕಲಿಗನಿಗೆ ಮುಂದಿನ ಮಳೆಗಾಲದಲ್ಲಿ ಬರುವ ಗತಿಯೇ ಬಂಡವಾಳವನ್ನು ಉಂಡ ವ್ಯಾಪಾರಿಗೂ ಬರುತ್ತದೆ.

ಇದಕ್ಕೆ ಉಪಾಯವು ಕಠಿಣವಾದುದಲ್ಲ. ಅಂಗಡಿಯ ಹೆಸರಿಗೆ ಬ್ಯಾಂಕಿನಲ್ಲಿ ಬೇರೆಯೇ ಖಾತೆಯಿರಲಿ. ಗಿರಾಕಿಗಳು ಮೊಬೈಲಿನಿಂದ ಹಣ ಕಳಿಸುವ ಯುಪಿಐ ಫಲಕವು ಆ ಖಾತೆಗೇ ಸೇರಿದ್ದಾಗಿರಲಿ. ಮಾಲೀಕನು ತನಗೂ ತಿಂಗಳಿಗೆ ಇಂತಿಷ್ಟು ಪಗಾರವೆಂದು ನಿಗದಿ ಮಾಡಿ, ನಿಗದಿತ ದಿನದಂದು ಅಷ್ಟನ್ನೇ ಮನೆಗೆ ಕೊಡಲಿ. ಮನೆಗೆ ಬೇಕಾದ ಸಕ್ಕರೆ, ಎಣ್ಣೆ, ಬೇಳೆಗಳನ್ನು ಅಂಗಡಿಯಿಂದಲೇ ತೆಗೆದುಕೊಂಡರೆ ಅದನ್ನೂ ಬೇರೆ ಗಿರಾಕಿಯ ಹೆಸರಿನಲ್ಲಿ ಬರೆದಂತೆ ಬರೆದಿಡಲಿ. ಆಸ್ಪತ್ರೆಯಂತಹ ಆಪತ್ತು ಬಂದು ಅಂಗಡಿಯ ಹಣವನ್ನು ತೆಗೆಯಲೇಬೇಕಾದಾಗ ಅದನ್ನು ಮನೆಯು ಅಂಗಡಿಯಿಂದ ಪಡೆದ ಸಾಲವೆಂದು ಬರೆದು, ಕಂತಿನಲ್ಲಿ ತೀರಿಸಲಿ. ಜಾತ್ರೆಯ ಖರ್ಚು, ಮಠದ ಕಾಣಿಕೆ, ದಾನಧರ್ಮಗಳಿಗೂ ಇದೇ ನಿಯಮ. ಅವು ನಮ್ಮ ದುಡಿಮೆಯ ಪಾಲಿನಿಂದ ಸಲ್ಲಬೇಕೇ ಹೊರತು ಸರಕು ಕೊಟ್ಟವನಿಗೆ ಸಲ್ಲಬೇಕಾದ ಹಣದಿಂದಲ್ಲ.

ಒಂದು ರೊಟ್ಟಿಯ ಲೆಕ್ಕ

ಉತ್ತರ ಕರ್ನಾಟಕದ ಊರುಗಳಲ್ಲಿ ಜೋಳದ ರೊಟ್ಟಿಯನ್ನು ಮಾಡಿ ಖಾನಾವಳಿಗಳಿಗೂ ಮನೆಗಳಿಗೂ ಒದಗಿಸುವ ಕೆಲಸವು ಸಾವಿರಾರು ತಾಯಂದಿರಿಗೆ ಆಧಾರವಾಗಿದೆ. ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡು ಬೆಲೆಯ ಲೆಕ್ಕವನ್ನು ಹಾಕಿ ನೋಡೋಣ. ದರಗಳು ಊರಿನಿಂದ ಊರಿಗೆ ಬೇರೆಯಾಗುತ್ತವೆ; ಓದುಗರು ತಮ್ಮ ಊರಿನ ದರವನ್ನು ಇಟ್ಟು ಲೆಕ್ಕ ಹಾಕಿಕೊಳ್ಳಬೇಕು.

ಒಂದು ಮನೆಯಲ್ಲಿ ಇಬ್ಬರು ಕೂಡಿ ದಿನಕ್ಕೆ 300 ರೊಟ್ಟಿ ಬಡಿಯುತ್ತಾರೆಂದು ಎಣಿಸೋಣ. ಕಿಲೋ ಹಿಟ್ಟಿಗೆ 20 ರೊಟ್ಟಿಯಂತೆ 15 ಕಿಲೋ ಹಿಟ್ಟು ಬೇಕು. ಜೋಳ ಮತ್ತು ಬೀಸುವ ಕೂಲಿ ಸೇರಿ ಕಿಲೋಗೆ 55 ರೂಪಾಯಿಯಂತೆ 825 ರೂಪಾಯಿ, ಗ್ಯಾಸಿಗೆ 150, ಚೀಲ ಮತ್ತು ಸಾಗಾಟಕ್ಕೆ 75. ಒಟ್ಟು 1,050 ರೂಪಾಯಿ. ರೊಟ್ಟಿಗೆ 6 ರೂಪಾಯಿಯಂತೆ ಎಲ್ಲವೂ ಮಾರಿದರೆ 1,800 ರೂಪಾಯಿ ಬರುತ್ತದೆ. ದಿನಕ್ಕೆ 750 ರೂಪಾಯಿ ಲಾಭವಾಯಿತೆಂದು ಮನೆಯವರು ಸಂತೋಷಪಡುತ್ತಾರೆ.

ಇಲ್ಲಿಯೇ ತಪ್ಪು ನಡೆಯುವುದು. ಒಲೆಯ ಮುಂದೆ ಕುಳಿತು ಬೆವರು ಸುರಿಸಿದ ಇಬ್ಬರ ಕೂಲಿ ಈ ಲೆಕ್ಕದಲ್ಲಿ ಎಲ್ಲಿದೆ? ಹೊರಗಿನವರನ್ನು ಕರೆದಿದ್ದರೆ ಒಬ್ಬೊಬ್ಬರಿಗೆ 300 ರೂಪಾಯಿಯನ್ನಾದರೂ ಕೊಡಬೇಕಾಗುತ್ತಿತ್ತು. ಅದು 600 ರೂಪಾಯಿ. ಒಲೆ, ಹಂಚು, ಪಾತ್ರೆಗಳ ಸವಕಳಿ ಮತ್ತು ದೀಪದ ಖರ್ಚಿಗೆ 40 ರೂಪಾಯಿ. ದಿನಕ್ಕೆ 10 ರೊಟ್ಟಿ ಮಾರಾಟವಾಗದೆ ಉಳಿದರೆ 60 ರೂಪಾಯಿ ಹೋಯಿತು. ಇವನ್ನೆಲ್ಲ ಕಳೆದರೆ ನಿಜವಾದ ಲಾಭ ದಿನಕ್ಕೆ 50 ರೂಪಾಯಿ ಮಾತ್ರ. ಹೀಗಿರುವಾಗ ಖಾನಾವಳಿಯವರೊಬ್ಬರು ಬಂದು, ‘ರೊಟ್ಟಿಗೆ ಬರೀ ಐವತ್ತು ಪೈಸೆ ಇಳಿಸಿರಿ, ಕಾಯಂ ನಿಮ್ಮಲ್ಲೇ ಒಯ್ಯುತ್ತೇವೆ’ ಎಂದರೆ ಮನೆಯವರು ಒಪ್ಪಿಬಿಡುತ್ತಾರೆ. ಎಲ್ಲ ರೊಟ್ಟಿಗೂ ಆ ದರವೇ ಆದರೆ 50 ರೂಪಾಯಿ ಲಾಭದ ಸ್ಥಾನದಲ್ಲಿ ದಿನಕ್ಕೆ 95 ರೂಪಾಯಿ ಹಾನಿಯಾಗುತ್ತದೆ. ಆ ಹಾನಿಯನ್ನು ತುಂಬುವುದು ಯಾರು? ಕೂಲಿಯಿಲ್ಲದೆ ದುಡಿಯುವ ಅತ್ತೆ ಮತ್ತು ಸೊಸೆ.

ಆದುದರಿಂದ ಮನೆಯವರ ದುಡಿಮೆಗೆ ಬೆಲೆ ಕಟ್ಟದೆ ಸರಕಿಗೆ ಬೆಲೆ ಕಟ್ಟಬಾರದು. ಪಕ್ಕದವರು ಎಷ್ಟಕ್ಕೆ ಮಾರುತ್ತಾರೆಂಬುದನ್ನು ನೋಡಲೇಬೇಕು, ನಿಜ. ಆದರೆ ಅವರ ದರದಲ್ಲಿ ನಮಗೆ ಕೂಲಿಯೂ ಗಿಟ್ಟದಿದ್ದರೆ ಖರ್ಚನ್ನು ಎಲ್ಲಿ ಇಳಿಸಬಹುದೆಂದು ಹುಡುಕಬೇಕು. ಇಲ್ಲವೇ ಬೇರೆ ಗಿರಾಕಿಯನ್ನು ಹುಡುಕಬೇಕು.

ಬೆಳೆಸುವ ಮೊದಲು ಸೋರಿಕೆ ನಿಲ್ಲಿಸಿರಿ

ವ್ಯಾಪಾರವನ್ನು ಸುಧಾರಿಸುವುದೆಂದರೆ ದೊಡ್ಡ ಅಂಗಡಿ, ಹೊಸ ಯಂತ್ರ, ಬಣ್ಣದ ಫಲಕ ಎಂದೇ ಹಲವರ ಭಾವನೆ. ಮೇಲಿನ ಲೆಕ್ಕವನ್ನೇ ಮತ್ತೊಮ್ಮೆ ನೋಡೋಣ. ದಿನಕ್ಕೆ ಉಳಿಯುತ್ತಿದ್ದ 10 ರೊಟ್ಟಿಗಳು ಉಳಿಯದಂತೆ ಮಾಡಿದರೆ ಲಾಭ 50ರಿಂದ 110 ರೂಪಾಯಿಗೆ ಏರುತ್ತದೆ. ಅಂದರೆ ಇಮ್ಮಡಿಗಿಂತಲೂ ಹೆಚ್ಚು. ಇದಕ್ಕೆ ಒಂದು ರೂಪಾಯಿಯ ಬಂಡವಾಳವೂ ಬೇಕಾಗಿಲ್ಲ. ಯಾವ ವಾರ ಎಷ್ಟು ಹೋಗುತ್ತದೆ, ಸಂತೆಯ ದಿನ ಎಷ್ಟು, ಹಬ್ಬದ ದಿನ ಎಷ್ಟು ಎಂಬುದನ್ನು ಎರಡು ತಿಂಗಳು ಬರೆದಿಟ್ಟರೆ ಎಷ್ಟು ಹಿಟ್ಟು ನಾದಬೇಕೆಂಬುದು ತಾನೇ ಗೊತ್ತಾಗುತ್ತದೆ. ಮೆತ್ತನೆಯ ರೊಟ್ಟಿ ಮರುದಿನ ಯಾರಿಗೂ ಬೇಡ. ಖಡಕ್ ರೊಟ್ಟಿ ಹಲವು ದಿನ ಬಾಳುತ್ತದೆ. ಆದ್ದರಿಂದ ಅನುಮಾನವಿದ್ದ ದಿನ ಖಡಕ್ ರೊಟ್ಟಿಯ ಪಾಲನ್ನು ಹೆಚ್ಚಿಸುವುದು ಜಾಣತನ. ಅದೇ ಗಿರಾಕಿಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿಯ ಪೊಟ್ಟಣವನ್ನೂ ಜೊತೆಗೆ ಕೊಟ್ಟರೆ ಹೊಸ ಗಿರಾಕಿಯನ್ನು ಹುಡುಕುವ ಶ್ರಮವಿಲ್ಲದೆಯೇ ವ್ಯಾಪಾರ ಹೆಚ್ಚುತ್ತದೆ.

ಖರೀದಿಯಲ್ಲಿಯೂ ಇದೇ ವಿವೇಕ ಬೇಕು. ಹಿಂಗಾರಿ ಜೋಳದ ಸುಗ್ಗಿಯ ದಿನಗಳಲ್ಲಿ ಕಾಳು ಒಳ್ಳೆಯದಾಗಿಯೂ ಸಾಮಾನ್ಯವಾಗಿ ಅಗ್ಗವಾಗಿಯೂ ಸಿಗುತ್ತದೆ. ಹಿಂದಿನವರು ವರ್ಷದ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದುದು ಇದಕ್ಕಾಗಿಯೇ. ಆದರೆ ಇರುವ ಹಣವನ್ನೆಲ್ಲ ಜೋಳದ ಚೀಲಗಳಲ್ಲಿ ತುಂಬಿಟ್ಟು ಗ್ಯಾಸಿಗೆ ಹಣವಿಲ್ಲದಂತಾದರೆ ಪ್ರಯೋಜನವೇನು? ನುಸಿ ಹಿಡಿದರೆ ಅಗ್ಗದ ಕಾಳೇ ತುಟ್ಟಿಯಾಗುತ್ತದೆ. ಕಾಳನ್ನು ಕೂಡಿಡಬಹುದು, ಹಿಟ್ಟನ್ನು ಕೂಡಿಡಲಾಗದು. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಬಡಿಯುವಾಗಲೇ ಒಡೆಯುತ್ತದೆ. ಬೇರೆ ವ್ಯಾಪಾರಗಳಲ್ಲಿಯೂ ಹೀಗೆ ಯಾವುದನ್ನು ಕೂಡಿಡಬೇಕು, ಯಾವುದನ್ನು ಆಗಾಗ ತರಬೇಕು ಎಂಬುದನ್ನು ಅರಿತವನೇ ನಿಜವಾದ ವ್ಯಾಪಾರಿ. ಕಪಾಟಿನಲ್ಲಿ ಧೂಳು ಹಿಡಿದ ಸರಕು ಬಂಧನದಲ್ಲಿರುವ ಹಣವೇ ಆಗಿದೆ.

ಉದ್ರಿಯೆಂಬ ಉರುಳು

ಪರಿಚಯದವರ ನಡುವೆ ವ್ಯಾಪಾರ ಮಾಡುವವರಿಗೆ ಉದ್ರಿಯನ್ನು ಪೂರ್ತಿಯಾಗಿ ನಿಲ್ಲಿಸುವುದು ಸಾಧ್ಯವಿಲ್ಲ. ‘ಇಂದು ನಗದು, ನಾಳೆ ಉದ್ರಿ’ ಎಂದು ಫಲಕ ಹಾಕಿದ ಅಂಗಡಿಯಲ್ಲಿಯೂ ಉದ್ರಿ ಪುಸ್ತಕ ಇದ್ದೇ ಇರುತ್ತದೆ. ಆದರೆ ಅದರ ಭಾರ ಎಷ್ಟೆಂಬುದನ್ನು ತಿಳಿದಿರಬೇಕು. ನಮ್ಮ ಉದಾಹರಣೆಯ ಮನೆಯಿಂದ ಒಬ್ಬರು ದಿನಕ್ಕೆ 100 ರೊಟ್ಟಿ ಒಯ್ದು 45 ದಿನ ಹಣ ಕೊಡದಿದ್ದರೆ ಬಾಕಿ 27,000 ರೂಪಾಯಿಯಾಗುತ್ತದೆ. ಅವರು ಅಂಗಡಿ ಮುಚ್ಚಿ ಹೋದರೆಂದು ಭಾವಿಸಿರಿ. ದಿನಕ್ಕೆ 50 ರೂಪಾಯಿ ಲಾಭ ಪಡೆಯುವ ಮನೆಯು ಆ ನಷ್ಟವನ್ನು ತುಂಬಲು 540 ದಿನ ದುಡಿಯಬೇಕು. ಒಂದೂವರೆ ತಿಂಗಳ ದಾಕ್ಷಿಣ್ಯಕ್ಕೆ ಒಂದೂವರೆ ವರ್ಷದ ದುಡಿಮೆ!

ಆದಕಾರಣ ಯಾರಿಗೆ, ಎಷ್ಟು, ಎಷ್ಟು ದಿನದವರೆಗೆ ಎಂಬ ಮೂರು ಮಾತುಗಳನ್ನು ಉದ್ರಿ ಕೊಡುವ ಮೊದಲೇ ಹೇಳಿಬಿಡಬೇಕು. ಮಿತಿ ಮುಟ್ಟಿದೊಡನೆ, ಮನಸ್ಸು ಕೆಡುವ ಮೊದಲೇ, ನಗುನಗುತ್ತ ಕೇಳಬೇಕು. ನೆಂಟರಾದರೆ ಇನ್ನೂ ಬೇಗ ಕೇಳಬೇಕು. ಏಕೆಂದರೆ ಬೆಳೆದ ಬಾಕಿಯು ಹಣವನ್ನಷ್ಟೇ ಅಲ್ಲದೆ ನೆಂಟಸ್ತನವನ್ನೂ ಕೆಡಿಸುತ್ತದೆ.

ಸರಕು ತಯಾರಿಸಿ ಬೇರೆ ಸಂಸ್ಥೆಗಳಿಗೆ ಒದಗಿಸುವ ಚಿಕ್ಕ ಉದ್ಯಮಿಗಳಿಗೆ ಕಾಯಿದೆಯ ಬೆಂಬಲವೂ ಇದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯಿದೆಯ ಪ್ರಕಾರ ಕೊಂಡವರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದೆ, ಅಂತಹ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ಕೊಡಬೇಕಾಗುತ್ತದೆ. ಈ ರಕ್ಷಣೆ ಬೇಕಾದರೆ ‘ಉದ್ಯಮ್’ ನೋಂದಣಿ ಮಾಡಿಸಿರಬೇಕು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಸರಕಾರ ಯಾವ ಶುಲ್ಕವನ್ನೂ ಪಡೆಯುವುದಿಲ್ಲ.

ಎಂಬತ್ತು ರೂಪಾಯಿ ಕಲಿಸಿದ ಪಾಠ

ಲೆಕ್ಕ ಮತ್ತು ಗುಣಮಟ್ಟ ಎರಡನ್ನೂ ಕಾಯ್ದುಕೊಂಡ ಒಂದು ಚಿಕ್ಕ ಉದ್ಯೋಗ ಎಷ್ಟು ದೂರ ನಡೆಯಬಲ್ಲದೆಂಬುದಕ್ಕೆ ಮುಂಬಯಿಯ ಲಿಜ್ಜತ್ ಹಪ್ಪಳದ ಕಥೆ ಕಣ್ಣೆದುರಿನ ಸಾಕ್ಷಿಯಾಗಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್ ಭಾಗದಲ್ಲಿ ಏಳು ಜನ ಗೃಹಿಣಿಯರು ತಮ್ಮ ಕಟ್ಟಡದ ಮಾಳಿಗೆಯ ಮೇಲೆ ಕೂಡಿ, 80 ರೂಪಾಯಿ ಸಾಲದ ಬಂಡವಾಳದಿಂದ ನಾಲ್ಕು ಪೊಟ್ಟಣ ಹಪ್ಪಳ ಮಾಡಿದರು. ಅವರಲ್ಲಿ ಒಬ್ಬರಾದ ಜಸವಂತಿಬೆನ್ ಜಮನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಆರಂಭದಲ್ಲಿ ಅವರು ಉತ್ತಮವಾದುದೊಂದು, ಅಗ್ಗವಾದುದೊಂದು ಎಂದು ಎರಡು ಬಗೆಯ ಹಪ್ಪಳ ಮಾಡುತ್ತಿದ್ದರು. ಅವರಿಗೆ ಮಾರ್ಗದರ್ಶಕರಾಗಿದ್ದ ಛಗನ್‌ಬಾಪಾ ಎಂಬ ಹಿರಿಯರು ಒಂದೇ ಗುಣಮಟ್ಟದ ಹಪ್ಪಳವನ್ನು ಮಾಡಬೇಕೆಂದೂ, ಗುಣದಲ್ಲಿ ಎಂದೂ ರಾಜಿ ಮಾಡಿಕೊಳ್ಳಬಾರದೆಂದೂ, ಇದನ್ನು ವ್ಯಾಪಾರವೆಂದೇ ತಿಳಿದು ಲೆಕ್ಕಪತ್ರವನ್ನು ಸರಿಯಾಗಿ ಇಡಬೇಕೆಂದೂ ಹೇಳಿದರು. ನಷ್ಟವಾದರೂ ಯಾರ ಮುಂದೆಯೂ ದೇಣಿಗೆಗಾಗಿ ಕೈಯೊಡ್ಡಬಾರದೆಂಬುದು ಆ ಮಹಿಳೆಯರ ಸಂಕಲ್ಪವಾಗಿತ್ತು. ಮೊದಲನೆಯ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗಿಸಲಾಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಅವರು ಒಂದು ಮಂಚ ಮತ್ತು ಒಂದು ಸ್ಟೋವ್ ಕೊಂಡರು. ಮಂಚದ ಮೇಲೆ ಹಪ್ಪಳ ಹರವಿ ಕೆಳಗೆ ಸ್ಟೋವ್ ಇಟ್ಟು ಒಣಗಿಸಿದರು. ತೊಂದರೆ ಎಲ್ಲಿದೆಯೆಂದು ಗುರುತಿಸಿ ಅಷ್ಟಕ್ಕೆ ಮಾತ್ರ ಹಣ ಹಾಕಿದರು. ಇಂದು ಆ ಸಂಸ್ಥೆಯಲ್ಲಿ ದೇಶದ ಅನೇಕ ರಾಜ್ಯಗಳ ನಲವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ದುಡಿಯುತ್ತಿದ್ದಾರೆ. ತಮ್ಮ ಕೈಯ ಅಡುಗೆಯನ್ನೇ ನಂಬಿ ಉದ್ಯೋಗ ಹೂಡುವ ನಮ್ಮ ತಾಯಂದಿರು ಈ ಕಥೆಯನ್ನು ನೆನಪಿನಲ್ಲಿಡಬೇಕು.

ಕಿರ್ದಿ ಬರೆಯದ ದಿನ ಬಾಗಿಲು ಹಾಕಬೇಡಿ

ದೀಪಾವಳಿಯಲ್ಲಿ ಅಂಗಡಿಯನ್ನು ತೊಳೆದು, ಲಕ್ಷ್ಮೀಪೂಜೆ ಮಾಡಿ, ಹೊಸ ಕಿರ್ದಿ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚುವ ಸಂಪ್ರದಾಯ ನಮ್ಮಲ್ಲಿದೆ. ಲೆಕ್ಕದ ಪುಸ್ತಕಕ್ಕೆ ನಮ್ಮ ಹಿರಿಯರು ಕೊಟ್ಟ ಮರ್ಯಾದೆ ಅದು. ಆದರೆ ಪೂಜೆಗೊಂಡ ಪುಸ್ತಕದಲ್ಲಿ ವರ್ಷವಿಡೀ ಅಕ್ಷರವೇ ಬೀಳದಿದ್ದರೆ ಆ ಪೂಜೆಗೆ ಅರ್ಥವೇನು? ದಿನವೂ ಬಾಗಿಲು ಹಾಕುವ ಮೊದಲು ಹತ್ತು ನಿಮಿಷ ಕುಳಿತು ಇಂದು ಬಂದದ್ದೆಷ್ಟು, ಹೋದದ್ದೆಷ್ಟು, ಉದ್ರಿ ಕೊಟ್ಟದ್ದೆಷ್ಟು, ಉಳಿದ ನಗದು ಎಷ್ಟು ಎಂದು ಬರೆಯಬೇಕು. ಬರೆದ ಶಿಲ್ಕು ಮತ್ತು ಪೆಟ್ಟಿಗೆಯ ಹಣ ತಾಳೆಯಾಗಬೇಕು. ಸರಕಿನ ರಸೀದಿಗಳನ್ನು ಒಂದು ಕಡೆ ಚುಚ್ಚಿಡಬೇಕು.

ಇದರ ಅಗತ್ಯವನ್ನು 2025ರ ಜುಲೈ ತಿಂಗಳು ನಮ್ಮ ರಾಜ್ಯದ ಚಿಕ್ಕ ವ್ಯಾಪಾರಿಗಳಿಗೆ ಕಟುವಾಗಿಯೇ ತೋರಿಸಿತು. ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಹಾಲು, ತರಕಾರಿ ಮಾರುವವರು ಕೂಡ ಗಾಬರಿಗೊಂಡರು. ಕೆಲವರು ಯುಪಿಐ ಫಲಕವನ್ನೇ ಕಿತ್ತಿಟ್ಟರು. ಮಗಳು ಕಳಿಸಿದ ಹಣ, ಗೆಳೆಯ ಮರಳಿಸಿದ ಸಾಲ, ವ್ಯಾಪಾರದ ಹಣ ಎಲ್ಲವೂ ಒಂದೇ ಖಾತೆಗೆ ಬಂದಿದ್ದರೆ ಯಾವುದು ಯಾವುದೆಂದು ತೋರಿಸುವುದು ಬಹಳ ಕಷ್ಟ. ಖಾತೆ ಬೇರೆಯಿದ್ದು, ಕಿರ್ದಿ ಬರೆದಿದ್ದವರಿಗೆ ಉತ್ತರ ಕೊಡುವುದು ಸುಲಭ.

ಸರಕು ಮತ್ತು ಸೇವಾ ತೆರಿಗೆಯ ಮೂಲ ವಿಷಯಗಳನ್ನಾದರೂ ಪ್ರತಿಯೊಬ್ಬ ವ್ಯಾಪಾರಿಯೂ ತಿಳಿದಿರಬೇಕು. ಸಾಮಾನ್ಯವಾಗಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರಿದರೆ, ಸೇವೆ ಒದಗಿಸುವವರದು 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಕಡ್ಡಾಯ. ತೆರಿಗೆಯಿಲ್ಲದ ಸರಕುಗಳನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಾಗಿಲ್ಲ. ದರಗಳು ಬದಲಾಗುತ್ತಲೂ ಇರುತ್ತವೆ; 2025ರ ಸೆಪ್ಟೆಂಬರ್ 22ರಿಂದ ಚಪಾತಿ, ರೊಟ್ಟಿಗಳ ಮೇಲಿನ ತೆರಿಗೆಯನ್ನು ತೆಗೆಯಲಾಯಿತು. ತಿನ್ನುವ ಪದಾರ್ಥ ಮಾಡಿ ಮಾರುವವರು ಆಹಾರ ಸುರಕ್ಷತೆಯ ನೋಂದಣಿಯನ್ನೂ ಮಾಡಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಬಲ್ಲ ಲೆಕ್ಕಿಗರ ಬಳಿ ಕುಳಿತು ಕೇಳುವುದಕ್ಕೆ ಆಗುವ ಖರ್ಚು ನೋಟೀಸು ಬಂದ ಮೇಲೆ ಆಗುವ ಖರ್ಚಿಗಿಂತ ಬಹಳ ಕಡಿಮೆ.

ಸಾಲ ಮತ್ತು ಉಳಿತಾಯ

ಸಾಲವೆಂದರೆ ಪಾಪವಲ್ಲ, ತೀರಿಸುವ ದಾರಿ ತಿಳಿಯದೆ ತಂದ ಸಾಲ ಮಾತ್ರ ಶಾಪ. 2015ರ ಏಪ್ರಿಲ್‌ನಲ್ಲಿ ಆರಂಭವಾದ ಮುದ್ರಾ ಯೋಜನೆಯಡಿ ಬ್ಯಾಂಕುಗಳು ಅಡಮಾನವಿಲ್ಲದೆ ಚಿಕ್ಕ ಉದ್ಯೋಗಗಳಿಗೆ ಸಾಲ ಕೊಡುತ್ತವೆ. ಶಿಶು ವರ್ಗದಲ್ಲಿ 50,000 ರೂಪಾಯಿಯವರೆಗೆ, ಕಿಶೋರ ವರ್ಗದಲ್ಲಿ 5 ಲಕ್ಷದವರೆಗೆ, ತರುಣ ವರ್ಗದಲ್ಲಿ 10 ಲಕ್ಷದವರೆಗೆ ಸಾಲ ದೊರೆಯುತ್ತದೆ. ತರುಣ ವರ್ಗದ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಕೊಡುವ ವ್ಯವಸ್ಥೆಯನ್ನು 2024ರಲ್ಲಿ ಮಾಡಲಾಯಿತು. ಆದರೆ ಬ್ಯಾಂಕು ಎಷ್ಟು ಕೊಡುತ್ತದೆಂಬುದಕ್ಕಿಂತ ನಮ್ಮ ಲಾಭ ಎಷ್ಟು ಕಂತನ್ನು ಹೊರಬಲ್ಲದೆಂಬುದು ಮುಖ್ಯ. ದಿನಕ್ಕೆ 50 ರೂಪಾಯಿಯಂತೆ ತಿಂಗಳ 26 ದಿನಕ್ಕೆ 1,300 ರೂಪಾಯಿ ಉಳಿಯುವ ಮನೆಯು 2,500 ರೂಪಾಯಿ ಕಂತಿನ ಯಂತ್ರವನ್ನು ತಂದರೆ, ಆ ಯಂತ್ರದಿಂದ ಹೆಚ್ಚುವ ರೊಟ್ಟಿಗೆ ಗಿರಾಕಿ ಎಲ್ಲಿದ್ದಾನೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ವ್ಯಾಪಾರದ ಹೆಸರಿನಲ್ಲಿ ತಂದ ಸಾಲವನ್ನು ಮದುವೆಗೆ, ಮನೆ ಕಟ್ಟುವುದಕ್ಕೆ ಬಳಸುವುದಂತೂ ಎರಡನ್ನೂ ಮುಳುಗಿಸುವ ದಾರಿ.

ಉಳಿತಾಯದ ವಿಷಯದಲ್ಲಿ ನಮ್ಮ ನಾಡೇ ದೇಶಕ್ಕೆ ಒಂದು ಒಳ್ಳೆಯ ದಾರಿ ತೋರಿಸಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡ ಸಂಸ್ಥೆಯು 1928ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಮನೆ ಬಾಗಿಲಿಗೆ ಬಂದು ಸಂಗ್ರಹಿಸುವ ಪದ್ಧತಿ ಅದು. ದಿನದ ಆದಾಯವಿರುವವನಿಗೆ ದಿನದ ಉಳಿತಾಯವೇ ಸರಿ ಎಂಬ ತಿಳಿವಳಿಕೆ ಅದರಲ್ಲಿದೆ. ಇಂದೂ ಅನೇಕ ಬ್ಯಾಂಕುಗಳು, ಸಹಕಾರಿ ಸಂಘಗಳು ಇಂತಹ ಠೇವಣಿ ಪಡೆಯುತ್ತವೆ. ಸೇರುವ ಮೊದಲು ಸಂಸ್ಥೆ ನಂಬಿಕೆಗೆ ಅರ್ಹವೇ ಎಂದು ವಿಚಾರಿಸಿರಿ. ಒಲೆ ಕೆಟ್ಟಾಗ, ವ್ಯಾಪಾರ ಕುಗ್ಗಿದಾಗ ಈ ಹನಿಗಳೇ ಹಳ್ಳವಾಗಿ ಕೈಹಿಡಿಯುತ್ತವೆ.

ಮನೆಯ ಒಗ್ಗಟ್ಟಿಗೂ ಲೆಕ್ಕವೇ ಆಧಾರ

ಒಂದೇ ಅಂಗಡಿಯನ್ನು ನಂಬಿದ ಅಣ್ಣತಮ್ಮಂದಿರು ಬೇರೆಯಾಗುವಾಗ ನಡೆಯುವ ಜಗಳಗಳನ್ನು ವಿಚಾರಿಸಿದರೆ, ಆಸೆಗಿಂತ ಸಂಶಯವೇ ಹೆಚ್ಚಾಗಿ ಅವುಗಳ ಮೂಲವಾಗಿರುತ್ತದೆ. ಹಿರಿಯಣ್ಣ ಗಲ್ಲೆಯ ಮೇಲೆ ಕೂಡುತ್ತಾನೆ. ಎಷ್ಟು ಬಂತು, ಎಷ್ಟು ಹೋಯಿತು ತಮ್ಮನಿಗೆ ತಿಳಿಯದು. ಅಣ್ಣ ಪ್ರಾಮಾಣಿಕನಾಗಿದ್ದರೂ ತೋರಿಸಲು ಲೆಕ್ಕವಿಲ್ಲ. ಸೊಸೆಯಂದಿರ ದುಡಿಮೆ ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಹೀಗೆ ಹತ್ತು ವರ್ಷ ಕೂಡಿದ ಮೌನ ಒಂದು ದಿನ ಮಾತಾಗಿ ಸಿಡಿಯುತ್ತದೆ.

ದುಡಿಯುವ ಪ್ರತಿಯೊಬ್ಬರಿಗೂ, ಗಂಡಾಗಲಿ ಹೆಣ್ಣಾಗಲಿ, ಪಗಾರವೆಂದು ನಿಗದಿಯಾಗಲಿ. ಹೆಣ್ಣುಮಕ್ಕಳ ಪಗಾರ ಅವರ ಸ್ವಂತ ಖಾತೆಗೇ ಹೋಗಲಿ. ಪಾಲುದಾರಿಕೆಯಿದ್ದರೆ 1932ರ ಪಾಲುದಾರಿಕೆ ಕಾಯಿದೆಯಂತೆ ಲಿಖಿತ ಪತ್ರವಾಗಲಿ. ಯಾರ ಬಂಡವಾಳವೆಷ್ಟು, ಲಾಭದ ಪಾಲೆಷ್ಟು, ಬಿಟ್ಟು ಹೋಗುವವರಿಗೆ ಏನು ಸಲ್ಲಬೇಕು ಎಂಬುದು ಅದರಲ್ಲಿರಲಿ. ಬರೆದುಕೊಳ್ಳುವುದು ಅಪನಂಬಿಕೆಯ ಗುರುತಲ್ಲ. ನಂಬಿಕೆಯನ್ನು ಮುಂದಿನ ಪೀಳಿಗೆಗೂ ಉಳಿಸುವ ಉಪಾಯ. ತಿಂಗಳಿಗೊಮ್ಮೆ ಮನೆಯವರೆಲ್ಲ ಕೂಡಿ ಕುಳಿತು ಲೆಕ್ಕವನ್ನು ಗಟ್ಟಿಯಾಗಿ ಓದುವ ಪದ್ಧತಿ ಇಟ್ಟುಕೊಂಡರೆ ಮಕ್ಕಳಿಗೂ ಅದೇ ದೊಡ್ಡ ಶಿಕ್ಷಣವಾದೀತು.

ಇಷ್ಟನ್ನೆಲ್ಲ ಒಂದೇ ದಿನದಲ್ಲಿ ಮಾಡಬೇಕಾಗಿಲ್ಲ. ಈ ತಿಂಗಳು ಅಂಗಡಿಗೊಂದು ಬೇರೆ ಖಾತೆ ತೆರೆಯಿರಿ. ಇಂದಿನ ರಾತ್ರಿಯಿಂದಲೇ ಕಿರ್ದಿ ಬರೆಯಲು ತೊಡಗಿರಿ. ಮೂರು ತಿಂಗಳ ಲೆಕ್ಕ ಕೈಗೆ ಬಂದ ಮೇಲೆ ನಿಮ್ಮ ವ್ಯಾಪಾರ ನಿಮ್ಮನ್ನು ಸಾಕುತ್ತಿದೆಯೇ, ಇಲ್ಲವೇ ನೀವೇ ಅದನ್ನು ಸಾಕುತ್ತಿದ್ದೀರಾ ಎಂಬುದು ಸ್ಪಷ್ಟವಾಗುತ್ತದೆ. ಬೆಲೆಯನ್ನು ತಿದ್ದಬೇಕೇ, ಉದ್ರಿಯನ್ನು ಬಿಗಿಮಾಡಬೇಕೇ, ಸಾಲ ತರಬಹುದೇ ಎಂಬ ಮುಂದಿನ ನಿರ್ಧಾರಗಳನ್ನು ಆ ಪುಸ್ತಕವನ್ನು ಮುಂದಿಟ್ಟುಕೊಂಡು ಮಾಡಿರಿ. ಪ್ರಾಮಾಣಿಕವಾದ ದುಡಿಮೆಗೆ ಪ್ರಾಮಾಣಿಕವಾದ ಲೆಕ್ಕ ಜೊತೆಯಾದರೆ ಚಿಕ್ಕ ಅಂಗಡಿಯೂ ದೊಡ್ಡ ಸಂಸಾರವನ್ನು ನೆಮ್ಮದಿಯಿಂದ ಸಾಗಿಸಬಲ್ಲದು.